ವಯನಾಡಿನ ಭೂವೈಜ್ಞಾನಿಕ ಡಿಜಿಟಲ್ ನಕ್ಷೆ

ಕೇರಳದ ವಯನಾಡು ಜಿಲ್ಲೆಯ ಶಿಲೆ, ಖನಿಜ ಹಾಗೂ ಭೂಕುಸಿತದ ವಿವರಗಳನ್ನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಜೋಡಿಸಿಟ್ಟ ನಕ್ಷೆಗಳ ಸಮೂಹ. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಇವನ್ನು ಸಿದ್ಧಪಡಿಸಿ ‘ಭೂಕೋಶ್’ ಎಂಬ ಸಾರ್ವಜನಿಕ ಭಂಡಾರದಲ್ಲಿ ಇರಿಸಿದೆ. ಜಿಲ್ಲೆ ರಚನೆಯಾದದ್ದು 1980ರ ನವೆಂಬರ್ 1ರಂದು. ವಿಸ್ತೀರ್ಣ 2,131 ಚದರ ಕಿ.ಮೀ.

ಇಲ್ಲಿನ ಬಂಡೆಗಳನ್ನು ಮೊದಲು ಅಳೆಯಿಸಿದ್ದು ಚಿನ್ನದ ಆಸೆ. ಪಣಿಯ, ಕುರುಂಬ ಬುಡಕಟ್ಟುಗಳ ಜನ ಹೊಳೆಯ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದುದು ಬ್ರಿಟಿಷರಿಗೆ ತಿಳಿದಿತ್ತು. ಜಿಎಸ್‌ಐಯ ವಿಲಿಯಂ ಕಿಂಗ್ 1875ರಲ್ಲಿ ಆಗ್ನೇಯ ವಯನಾಡಿನ ಚಿನ್ನದ ನೆಲೆಗಳ ಬಗ್ಗೆ ವರದಿ ಬರೆದರು. ಆಸ್ಟ್ರೇಲಿಯದಲ್ಲಿ ಗಣಿ ಅಧಿಕಾರಿಯಾಗಿದ್ದ ಬ್ರೌ ಸ್ಮಿತ್ 1880ರಲ್ಲಿ ಇನ್ನೊಂದು ವರದಿ ಕೊಟ್ಟರು. ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು. ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಇದ್ದುದು ನಿಜ, ಆದರೆ ಗಣಿಯ ಖರ್ಚು ಗಿಟ್ಟುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮುಳುಗಿದವು. ದೇವಾಲ, ಪಂದಲೂರು ಸುತ್ತಲಿನ ಆ ಪ್ರದೇಶ 1877ರಲ್ಲೇ ನೀಲಗಿರಿಗೆ ಸೇರಿದ್ದರಿಂದ, ‘ವಯನಾಡಿನ ಚಿನ್ನ’ದ ಗಣಿಗಳು ಇಂದು ತಮಿಳುನಾಡಿನಲ್ಲಿವೆ. ಹಳೆಯ ವರದಿಗಳ ಸ್ಥಳನಾಮಗಳನ್ನು ಇಂದಿನ ಜಿಲ್ಲೆಯ ಗಡಿಯೊಳಗೆ ಹುಡುಕುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಜಿಲ್ಲೆಯ ಬಹುಪಾಲು ನೈಸ್ ಮತ್ತು ಚಾರ್ನೊಕೈಟ್ ಎಂಬ ಶಿಲೆಗಳು. ಇವುಗಳ ನಡುವೆ ಅಭ್ರಕ, ಬಳಪದ ಕಲ್ಲು, ಕಬ್ಬಿಣದ ಅದಿರು ಬೆರೆತ ಬೆಣಚು ಮುಂತಾದವುಗಳ ಕಿರಿದಾದ ಶಿಸ್ಟ್ (ಪದರುಗಲ್ಲು) ಪಟ್ಟಿಗಳು ಹಾದುಹೋಗುತ್ತವೆ. ಕಲ್ಪೆಟ್ಟ ಮತ್ತು ಅಂಬಲವಯಲಿನ ಗ್ರಾನೈಟುಗಳು ಇವುಗಳಿಗೆ ಹೋಲಿಸಿದರೆ ಬಹಳ ಈಚಿನವು, ಎಂದರೆ ಸುಮಾರು 60ರಿಂದ 80 ಕೋಟಿ ವರ್ಷ ಹಳೆಯವು. ಉತ್ತರದಲ್ಲಿ ಬಾವಲಿಯ ಸುತ್ತ ನೆಲದಾಳದ ಶಿಲೆಗಳು ಒಂದಕ್ಕೊಂದು ಉಜ್ಜಿ ಜಾರಿದ ಪಟ್ಟಿಯೊಂದಿದೆ.

ಈ ಶಿಸ್ಟ್ ಪಟ್ಟಿಗಳು ಕನ್ನಡ ನಾಡಿಗೆ ಹೊಸವಲ್ಲ. ಮಾನಂದವಾಡಿ, ಪನಮರಂ ಹೊಳೆಗಳು ಕೂಡಿ ಕಬಿನಿಯಾಗಿ ಪೂರ್ವಕ್ಕೆ ಹರಿದು ಎಚ್.ಡಿ. ಕೋಟೆ ಸೀಮೆಯನ್ನು ಸೇರುತ್ತವೆ. ಅಲ್ಲಿನ ಸರಗೂರಿನ ಹೆಸರಿನಲ್ಲೇ ಕರ್ನಾಟಕದ ಅತಿ ಪ್ರಾಚೀನ ಶಿಲಾಸಮೂಹವೊಂದು ಗುರುತಾಗಿದೆ. ವಯನಾಡಿನ ಶಿಸ್ಟ್‌ಗಳನ್ನು ಭೂವಿಜ್ಞಾನಿಗಳು ಇದೇ ಸಮೂಹದೊಂದಿಗೆ ಹೊಂದಿಸುತ್ತಾರೆ. ಎರಡು ರಾಜ್ಯಗಳ ನಕ್ಷೆಗಳನ್ನು ಕಾಗದದಲ್ಲಿ ಪಕ್ಕಪಕ್ಕ ಇಟ್ಟಾಗ ಒಂದೇ ಬಂಡೆ ಗಡಿಯಲ್ಲಿ ಬಣ್ಣ ಬದಲಿಸುವುದುಂಟು. ಡಿಜಿಟಲ್ ನಕ್ಷೆಯ ಮೊದಲ ದೊಡ್ಡ ಕೆಲಸವೇ ಇಂಥ ಅಂಚುಗಳನ್ನು ಹೊಂದಿಸುವುದು. ಜಗತ್ತಿನ ದೇಶಗಳ ನಕ್ಷೆಗಳನ್ನು ಒಂದುಗೂಡಿಸಲು 2007ರಲ್ಲಿ ಆರಂಭವಾದ ‘ಒನ್‌ಜಿಯಾಲಜಿ’ ಯೋಜನೆಗೂ ಇದೇ ತೊಡಕು ಎದುರಾಗಿತ್ತು.

ಮೂಲ ನಕ್ಷೆಯ ಪ್ರಮಾಣ 1:50,000; ನಕ್ಷೆಯ ಒಂದು ಸೆಂ.ಮೀ. ಎಂದರೆ ನೆಲದ ಮೇಲೆ ಅರ್ಧ ಕಿ.ಮೀ. ಮಾನಂದವಾಡಿಯ ಬಳಿ ಹಾಯುವ 76 ಡಿಗ್ರಿ ರೇಖಾಂಶ ಜಿಲ್ಲೆಯನ್ನು 49ಎಂ ಮತ್ತು 58ಎ ಎಂಬ ಎರಡು ಹಾಳೆಗುಂಪುಗಳಿಗೆ ಹಂಚಿದೆ. ತೆರೆಯ ಮೇಲೆ ಶಿಲೆಯ ಹರವು ಬಣ್ಣದ ಆಕೃತಿಯಾಗಿ, ಬಿರುಕು ಗೆರೆಯಾಗಿ, ಖನಿಜದ ನೆಲೆ ಬಿಂದುವಾಗಿ ಕಾಣುತ್ತದೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಭೂರಾಸಾಯನಿಕ ಸಮೀಕ್ಷೆ ತೊರೆಗಳ ಹೂಳನ್ನು ಸಂಗ್ರಹಿಸಿ, 2 ಕಿ.ಮೀ. ಚೌಕಕ್ಕೊಂದರಂತೆ ಧಾತುಗಳ ಪ್ರಮಾಣವನ್ನು ಅಳೆದು ಇನ್ನೊಂದು ಪದರ ಸೇರಿಸುತ್ತದೆ. ಅನ್ವೇಷಣೆಯ ದತ್ತಾಂಶವನ್ನೆಲ್ಲ ಒಂದೆಡೆ ತೆರೆದಿಡುವ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು.

ತೆರೆಯ ಮೇಲಿನ ಗೆರೆಗಳ ಖಚಿತತೆಯನ್ನು ಮಾತ್ರ ಪೂರ್ತಿ ನಂಬಬಾರದು. ವಯನಾಡಿನಲ್ಲಿ ಕಾಡು, ಕಾಫಿ, ಚಹಾ ಮತ್ತು ದಪ್ಪ ಮಣ್ಣು ಬಂಡೆಯನ್ನು ಮುಚ್ಚಿವೆ. ಬರಿಗಲ್ಲು ಕಾಣಸಿಗುವುದು ತೊರೆಯ ತಳದಲ್ಲಿ, ರಸ್ತೆಗೆ ಕಡಿದ ದರೆಯಲ್ಲಿ, ಕಲ್ಲುಕ್ವಾರಿಯಲ್ಲಿ, ಬೋಳುಗುಡ್ಡದ ನೆತ್ತಿಯಲ್ಲಿ. ಉಳಿದ ಕಡೆ ಗೆರೆ ಎಳೆದದ್ದು ಅನುಭವದ ಊಹೆ.

ಇಂದು ಈ ನಕ್ಷೆಯ ಅತಿ ಮುಖ್ಯ ಬಳಕೆ ಗಣಿಗಾರಿಕೆಯಲ್ಲ, ಜೀವರಕ್ಷಣೆ. ಜಿಎಸ್‌ಐ 2014ರ ಸುಮಾರಿಗೆ ದೇಶದ ಗುಡ್ಡಗಾಡುಗಳ ಭೂಕುಸಿತ ಸಾಧ್ಯತಾ ನಕ್ಷೆಯನ್ನು ಕೈಗೆತ್ತಿಕೊಂಡು, ಇಳಿಜಾರು, ಶಿಲೆ, ಮಣ್ಣಿನ ದಪ್ಪ, ಭೂಬಳಕೆಗಳನ್ನು ತೂಗಿ ನೆಲವನ್ನು ಹೆಚ್ಚು, ಮಧ್ಯಮ, ಕಡಿಮೆ ಎಂದು ವಿಂಗಡಿಸಿತು. 2019ರ ಆಗಸ್ಟಿನಲ್ಲಿ ಮೇಪ್ಪಾಡಿ ಬಳಿಯ ಪುತ್ತುಮಲ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಅದಕ್ಕೆ ಹತ್ತಿರದ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಇಸ್ರೊದ ರಿಸ್ಯಾಟ್ ಉಪಗ್ರಹ ಮೋಡದ ಮರೆಯಿಂದಲೇ ರೇಡಾರ್ ಚಿತ್ರ ತೆಗೆಯಿತು. ಕುಸಿತ ಹೊರಟದ್ದು ಸುಮಾರು 1,550 ಮೀಟರ್ ಎತ್ತರದಿಂದ, ಜಾರಿದ ನೆಲ ಸುಮಾರು 86,000 ಚದರ ಮೀಟರ್, ಬಂಡೆ ಮಣ್ಣಿನ ರಾಡಿ ಹರಿದ ದೂರ 8 ಕಿ.ಮೀ. ಎಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಲೆಕ್ಕ ಹಾಕಿತು.

ಈ ಅಂಕಿಗಳಲ್ಲೇ ನಕ್ಷೆಯ ಕೊರತೆಯೂ ಕಾಣುತ್ತದೆ. ಸಾಧ್ಯತಾ ನಕ್ಷೆ ತೋರಿಸುವುದು ಗುಡ್ಡ ಎಲ್ಲಿ ಜಾರಬಹುದು ಎಂಬುದನ್ನು. ಜನ ಸತ್ತದ್ದು ರಾಡಿ ಹರಿದುಬಂದ ಹೊಳೆಯ ದಂಡೆಯಲ್ಲಿ, ಕುಸಿತದ ಮೂಲದಿಂದ ಕಿ.ಮೀ.ಗಟ್ಟಲೆ ಕೆಳಗೆ. ಹರಿವಿನ ದಾರಿಯನ್ನು ಮುಂಚಿತವಾಗಿ ಗುರುತಿಸಲು ಕಣಿವೆಯ ಏರಿಳಿತದ ಸೂಕ್ಷ್ಮ ಅಳತೆ ಬೇಕು, ಸ್ಥಳೀಯ ಮಳೆಮಾಪಕಗಳ ಲೆಕ್ಕ ಬೇಕು. ಕಲ್ಪೆಟ್ಟದ ಹ್ಯೂಮ್ ಸಂಸ್ಥೆ ಜಿಲ್ಲೆಯುದ್ದಕ್ಕೂ ಮಳೆ ಅಳೆಯುವ ಜಾಲವನ್ನು ನಡೆಸುತ್ತಿದೆ. ಆಯ್ದ ಅಪಾಯದ ಜಾಗಗಳಿಗೆ ಜಿಎಸ್‌ಐ ಬಳಸುವ 1:10,000 ಪ್ರಮಾಣದಲ್ಲಿ ಒಂದು ಸೆಂ.ಮೀ. ನೂರು ಮೀಟರಿಗೆ ಸಮ. ಹೊಳೆಯ ತಿರುವು, ತೋಟದ ಕಾರ್ಮಿಕರ ಮನೆಸಾಲು (ಪಾಡಿ), ಶಾಲೆಯ ಕಟ್ಟಡ ಬೇರೆಬೇರೆಯಾಗಿ ಗುರುತಿಗೆ ಸಿಗುವುದು ಆ ಪ್ರಮಾಣದಲ್ಲಿ.