ಒಂದು ನಿಯಮ, ಎರಡು ಜಾಲದರ್ಶಕ



ಸ್ವಾತಂತ್ರ್ಯಪೂರ್ವದಲ್ಲಿ ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸೇರು, ಮಣಗಳ ಪ್ರಮಾಣ ಅಂದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. 1956ರಲ್ಲಿ ಏಕರೂಪದ ತೂಕ-ಅಳತೆಗಳ ಅಧಿನಿಯಮವಾಯಿತು. ಆದರೆ ಪೇಟೆಯ ತಕ್ಕಡಿಗಳು ಹಂತಹಂತವಾಗಿ ಬದಲಾದವು. ಅಲ್ಲಿಯವರೆಗೆ ಎರಡೂ ಲೆಕ್ಕಗಳನ್ನು ಹೊಂದಿಸುವ ಹೊಣೆ ವ್ಯಾಪಾರಿಯದಾಗಿತ್ತು.

ನಿಪ್ಪಾಣಿ, ಕಾಗವಾಡಗಳಿಂದ ಹೊರಟು ಗಣಕಯಂತ್ರದ ಉದ್ಯೋಗ ಹಿಡಿದ ನಿಮ್ಮಲ್ಲಿ ಹಲವರು ಇಂಥದೇ ಇನ್ನೊಂದು ಕಾಲವನ್ನು ಕಂಡಿದ್ದೀರಿ. ಅದರ ಇತಿಹಾಸವನ್ನು ಸಂಕ್ಷೇಪವಾಗಿ ಬರೆದಿಡುತ್ತೇನೆ.

ಮಾಹಿತಿಯನ್ನು ಅದರ ತೋರಿಕೆಯಿಂದ ಬೇರ್ಪಡಿಸಿ ಇಡುವ ಎಕ್ಸ್‌ಎಂಎಲ್ ಎಂಬ ಪದ್ಧತಿಗೆ 1998ರ ಫೆಬ್ರವರಿಯಲ್ಲಿ ಮಾನ್ಯತೆ ದೊರೆಯಿತು. ಆ ಮಾಹಿತಿಯನ್ನು ಓದಬಲ್ಲ ಪುಟವಾಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ನಿಯಮ 1999ರ ನವೆಂಬರ್ 16ರಂದು ಅಂತಿಮವಾಯಿತು. ಆದರೆ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಅದೇ ವರ್ಷದ ಮಾರ್ಚ್‌ನಲ್ಲಿಯೇ, ನಿಯಮದ ಕರಡನ್ನು ಆಧರಿಸಿ ಹೊರಬಂದಿತ್ತು. ಕರಡನ್ನು ಗುರುತಿಸುವ ವಿಳಾಸ ಒಂದು, ಅಂತಿಮ ನಿಯಮದ್ದು ಮತ್ತೊಂದು. ಆದಕಾರಣ ಸರಿಯಾಗಿ ಬರೆದ ನಿಯಮಪತ್ರವೂ ಅಲ್ಲಿ ನಡೆಯಲಿಲ್ಲ. 2001ರ ಆರನೆಯ ಆವೃತ್ತಿಯಲ್ಲಿ ಈ ಕೊರತೆ ನೀಗಿತು.

ಭೇದ ಮಾತ್ರ ಉಳಿಯಿತು. ಎಕ್ಸ್‌ಪ್ಲೋರರ್‌ನಲ್ಲಿ 'ಟ್ರಾನ್ಸ್‌ಫಾರ್ಮ್‌ನೋಡ್' ಎಂದು ಕರೆದರೆ ಫಲಿತಾಂಶವು ಅಕ್ಷರಗಳ ಸಾಲಾಗಿ ಬರುತ್ತಿತ್ತು. ಮೊಜಿಲ್ಲಾದಲ್ಲಿ 'ಎಕ್ಸ್‌ಎಸ್‌ಎಲ್‌ಟಿ ಪ್ರೊಸೆಸರ್' ಎಂಬ ಸಾಧನವನ್ನು ರಚಿಸಿ ಅದಕ್ಕೆ ನಿಯಮಪತ್ರವನ್ನು ಒಪ್ಪಿಸಬೇಕಿತ್ತು. ಅದು ಪುಟಕ್ಕೆ ನೇರವಾಗಿ ಜೋಡಿಸಬಹುದಾದ ತುಣುಕನ್ನು ಕೊಡುತ್ತಿತ್ತು. ಎರಡಕ್ಕೂ ಹೊಂದುವಂತೆ ಬರೆಯುವ ಭಾರ ಕ್ರಮವಿಧಿ ಬರೆಯುವವನ ಮೇಲೆಯೇ ಬಿದ್ದಿತು. ಈ ಭಾರವನ್ನು ಇಳಿಸಲು 'ಸಾರಿಸ್ಸಾ' ಎಂಬ ಮುಕ್ತ ತಂತ್ರಾಂಶವೂ ಹುಟ್ಟಿಕೊಂಡಿತು.

ಕೆಲವರು ಜಾಲದರ್ಶಕದ ಹೆಸರನ್ನು ಕೇಳಿ ದಾರಿ ಆರಿಸಿದರು. ಬಲ್ಲವರು 'ಈ ಸಾಧನ ನಿನ್ನಲ್ಲಿದೆಯೇ?' ಎಂದು ಕೇಳಿ ಮುಂದುವರಿದರು. 2013ರಲ್ಲಿ ಬಂದ ಎಕ್ಸ್‌ಪ್ಲೋರರ್ 11 ತನ್ನ ಹಳೆಯ ಗುರುತಿನ ಪದವನ್ನೇ ಕೈಬಿಟ್ಟಿತು. ಹೆಸರನ್ನು ನಂಬಿ ಬರೆದ ಕ್ರಮವಿಧಿಗಳು ಅಂದು ದಾರಿ ತಪ್ಪಿದವು. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ಯುಗವೇ ಮುಗಿಯಿತು. 2025ರಲ್ಲಿ ಕ್ರೋಮ್ ತಂಡವು ಸುರಕ್ಷತೆಯ ಕಾರಣ ನೀಡಿ, ಎಕ್ಸ್‌ಎಸ್‌ಎಲ್‌ಟಿಯನ್ನೇ ತೆಗೆದುಹಾಕುವ ಯೋಜನೆಯನ್ನು ಪ್ರಕಟಿಸಿತು.

ಜಾಲದರ್ಶಕಗಳು ಹೋದರೂ, ಎಕ್ಸ್‌ಎಂಎಲ್‌ನಲ್ಲಿ ತೋರಿಕೆಯಿಂದ ಬೇರ್ಪಡಿಸಿ ಇಟ್ಟ ಮಾಹಿತಿ ಇಂದಿಗೂ ಓದಲು ಬರುತ್ತದೆ. ತಕ್ಕಡಿ ಬದಲಾಗಬಹುದು, ಕಾಳು ಕೆಡಬಾರದು. ನಿಮ್ಮ ಮನೆತನದ ಕಾಗದಪತ್ರಗಳನ್ನು ಗಣಕದಲ್ಲಿ ಕೂಡಿಡುವಾಗಲೂ ಈ ಮಾತು ನೆನಪಿರಲಿ.