ಅಸ್ಪೃಶ್ಯತಾ ವಿರೋಧಿ ಹೋರಾಟ, ಕರ್ನಾಟಕ

ಅಸ್ಪೃಶ್ಯತೆಯನ್ನೂ ಅದರ ಬೇರಾದ ಜಾತಿ ತಾರತಮ್ಯವನ್ನೂ ತೊಡೆಯಲು ಇಂದಿನ ಕರ್ನಾಟಕದ ಪ್ರದೇಶಗಳಲ್ಲಿ ನಡೆದ ಪ್ರಯತ್ನಗಳ ಇತಿಹಾಸ. ಬಳಕೆಯಲ್ಲಿರುವ ಎಷ್ಟೋ ಬರಹಗಳು ಹನ್ನೆರಡನೆಯ ಶತಮಾನದ ಶರಣರಿಂದ ನೇರವಾಗಿ ಗಾಂಧೀಜಿಯವರ 1934ರ ಹರಿಜನ ಯಾತ್ರೆಗೂ ಅಲ್ಲಿಂದ ಸಂವಿಧಾನಕ್ಕೂ ಜಿಗಿಯುತ್ತವೆ. ಈ ಜಿಗಿತದಲ್ಲಿ ಕೈಬಿಟ್ಟುಹೋಗುವುದು ದಲಿತರೇ ಕಟ್ಟಿದ ಚಳವಳಿ.

ಶರಣರ ಕಾಲದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮನೆಗಳ ನಡುವೆ ನಡೆದ ಮದುವೆ ಮತ್ತು ಅದರ ಬೆನ್ನಿಗೆ ಬಂದ ಹಿಂಸೆಯ ಕಥೆ ಎಲ್ಲರಿಗೂ ಗೊತ್ತು. ನಂತರದ ಶತಮಾನಗಳಲ್ಲಿ ಆ ನೆನಪು ಉಳಿಯಿತು. ಕೇರಿಯೂ ಊರಾಚೆಯೇ ಉಳಿಯಿತು.

ಆಧುನಿಕ ಕಾಲದ ಮೊದಲ ಹೆಜ್ಜೆ ಮೂಡಿದ್ದು ಮಂಗಳೂರಿನಲ್ಲಿ. ವಕೀಲ ಕುದ್ಮುಲ್ ರಂಗರಾವ್ (1859–1928) ದಲಿತ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಇಲ್ಲೊಂದು ಗೊಂದಲವಿದೆ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಹೆಸರೊಂದೇ ಆದ್ದರಿಂದ ಮಂಗಳೂರಿನದನ್ನು ಮುಂಬಯಿಯ ಶಾಖೆ ಎಂದುಕೊಳ್ಳುವುದು ಸುಲಭ. ಆದರೆ ಮಂಗಳೂರಿನ ಕೆಲಸ ಒಂಬತ್ತು ವರ್ಷ ಹಳೆಯದು. ಸ್ವಜಾತಿಯ ಬಹಿಷ್ಕಾರ ಉಂಡ ರಂಗರಾವ್ ಅವರ ಆಸೆಯೊಂದನ್ನು ಅವರ ಸಮಾಧಿಯಲ್ಲಿ ಕೆತ್ತಿದ್ದಾರೆ: ತಮ್ಮಲ್ಲಿ ಓದಿದ ಮಕ್ಕಳು ಮುಂದೆ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು.

ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್, ತಲಕಾಡು ರಂಗೇಗೌಡ ಮೊದಲಾದವರು ದಲಿತ ಮಕ್ಕಳ ಶಿಕ್ಷಣಕ್ಕಾಗಿ ದುಡಿದರು. ಮುಂಬಯಿ ಪ್ರಾಂತದ ಕನ್ನಡ ಭಾಗಕ್ಕೆ ಅಂಬೇಡ್ಕರ್ ಅವರ ನೇರ ಸಂಪರ್ಕವೇ ಇತ್ತು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ದಲಿತರ ಸಮ್ಮೇಳನದ ಅಧ್ಯಕ್ಷತೆಯನ್ನು ಅವರೇ ವಹಿಸಿದ್ದರು. ಹೈದರಾಬಾದ್ ಸೀಮೆಯ ನಾಯಕ ಬಿ. ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ದಕ್ಷಿಣದ ಬರಹಗಳಲ್ಲಿ ಇವರಿಗೆ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ.

ನಿಜವಾದ ತಿರುವು 1973ರ ನವೆಂಬರಿನದು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಪಣ ತೊಟ್ಟವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಮೈಸೂರಿನಲ್ಲಿ ಹೇಳಿದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ರಾಜ್ಯದುದ್ದಕ್ಕೂ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಬೆಂಬಲಕ್ಕೆ ನಿಂತರೂ ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಹಾಸ್ಟೆಲುಗಳಲ್ಲಿ ಏಟು ತಿಂದ ಆ ತಲೆಮಾರು ಮತ್ತೆ ಸುಮ್ಮನಾಗಲಿಲ್ಲ.

ಅದರಿಂದ ಮೂಡಿದ್ದೇ ದಲಿತ ಸಂಘರ್ಷ ಸಮಿತಿ. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ (1938–1997) ಸ್ಥಾಪಕರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರು ಜೊತೆಗಿದ್ದರು. ಸ್ಥಾಪನೆಯ ವರ್ಷ ಮಾತ್ರ ಒಂದೊಂದು ಪುಸ್ತಕದಲ್ಲಿ ಒಂದೊಂದು. ಸಮಿತಿಯ ಬ್ಯಾನರು, ಕರಪತ್ರಗಳಲ್ಲಿ ಹೆಸರಿನ ಜೊತೆಗೇ 47/74-75 ಎಂಬ ನೋಂದಣಿ ಸಂಖ್ಯೆ ಅಚ್ಚಾಗಿರುತ್ತದೆ. ಮುಂದೆ ಹೋಳಾದ ಬಣಗಳೂ ಈ ಸಂಖ್ಯೆಯನ್ನು ಬಿಟ್ಟುಕೊಡಲಿಲ್ಲ. ದಲಿತ ಬರಹಗಾರರು, ಕಲಾವಿದರು ಭದ್ರಾವತಿಯಲ್ಲಿ ಸೇರಿದ್ದು 1976ರಲ್ಲಿ. ನೋಂದಣಿಯನ್ನೂ ರಾಜ್ಯವ್ಯಾಪಿ ಬೆಳವಣಿಗೆಯನ್ನೂ ಒಂದೇ ಘಟನೆ ಎಂದು ಬಗೆದರೆ ವರ್ಷಗಳು ತಾಳೆಯಾಗುವುದಿಲ್ಲ. ಹುಟ್ಟಿನ ವರ್ಷ ಎಂದು 1974–75ನ್ನು ಹಿಡಿಯುವುದೇ ಸರಿ.

ಸಮಿತಿ ಭೂಮಿಗಾಗಿ, ದೌರ್ಜನ್ಯಗಳ ವಿರುದ್ಧ ಹೋರಾಡಿತು. ಊರೂರಿಗೆ ಹಾಡು ಒಯ್ದಿತು. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುವ ಹರಕೆಯನ್ನು ಕಾರ್ಯಕರ್ತರು ತಡೆದರು. ಹರಕೆ ಹೊತ್ತವರಲ್ಲಿ ದಲಿತ ಹೆಣ್ಣುಮಕ್ಕಳೂ ಇದ್ದರು. ಕೆರಳಿದ ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತು. ಸರ್ಕಾರ ನ್ಯಾಯಮೂರ್ತಿ ಚನ್ನಬಸಪ್ಪ ಆಯೋಗ ನೇಮಿಸಿತು. ಬೆತ್ತಲೆ ಸೇವೆಗೆ ನಿಷೇಧ ಬಂತು.

ಕಾನೂನಿನ ಹಾದಿ ಚೆನ್ನಾಗಿ ದಾಖಲಾಗಿದೆ: 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆದ ರಾಜ್ಯದ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ. ಅವು ನೆಲದ ಮೇಲೆ ನಡೆದ ಬಗೆ ಬೇರೆ. ಗಾಂಧೀಜಿ 1927ರಲ್ಲಿ ಬಂದು ಹೋದ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲೇ, ಗುಡಿ ಪ್ರವೇಶದ ತಕರಾರಿನ ಬೆನ್ನಿಗೆ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿ ಎಂಬ ಹಳ್ಳಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಡದಿದ್ದುದು ಈ ಜಗಳದ ಹಿಂದಿತ್ತು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 101 ಮಂದಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಮರು ತಿಂಗಳೇ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮರಕುಂಬಿಯಲ್ಲಿ ಆ ಬೆಂಕಿ ಬಿದ್ದಾಗ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದು 64 ವರ್ಷವಾಗಿತ್ತು.