ಕೊನೀ ಗಳಿಗೆಯ ದತ್ತಕ: ಕಿತ್ತೂರು ಮನೆತನದ ಕಥೆ

ಕಿತ್ತೂರು ಅಂದ್ರ ಎಲ್ಲರಿಗೂ ಚೆನ್ನಮ್ಮನ ಕತ್ತಿ ನೆನಪಾಗ್ತದ. ಬಿಕಾಂ ಓದಿದ ನನ್ನ ಕಣ್ಣು ಹೋಗೋದು ಮಾತ್ರ ಒಂದು ಕಾಗದದ ಮ್ಯಾಲೆ: ದತ್ತಕ ಪತ್ರ.

1816ರಲ್ಲಿ ಮಲ್ಲಸರ್ಜ ದೇಸಾಯಿ ತೀರಿಕೊಂಡರು. ಪೇಶ್ವೆ ಅವರನ್ನ ಪುಣೆಯೊಳಗ ಸೆರೆ ಇಟ್ಟಿದ್ದ. ಬಿಟ್ಟ ಮ್ಯಾಲೆ ಅವರು ಬಹಳ ದಿನ ಬದುಕಲಿಲ್ಲ. ಹಿರಿ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರ ಸರ್ಜ ಗಾದಿಗೆ ಬಂದರು. ಅವರಿಗೆ ಮಕ್ಕಳಿಲ್ಲ, ಆರೋಗ್ಯ ನೆಟ್ಟಗಿಲ್ಲ. ಚೆನ್ನಮ್ಮನ ಸ್ವಂತ ಮಗನೂ ಉಳೀಲಿಲ್ಲ. ಇದ್ಯಾವುದೂ ಯಾರ ಕೈಯಾಗಿನ ಮಾತಲ್ಲ.

ಆದರೆ ವಾರಸುದಾರ ಯಾರು ಅನ್ನೋದು ಕೈಯಾಗಿನ ಮಾತೇ. ಅದು ಮುಂದ ಮುಂದ ಹೋಗಿ, 1824ರಲ್ಲಿ ಜಡ್ಡು ಜೋರಾದ ಮ್ಯಾಲೆ ಶಿವಲಿಂಗಪ್ಪ ಅನ್ನೋ ಹುಡುಗನ್ನ ದತ್ತಕ ತಗೊಂಡರು. ಆ ಸುದ್ದಿ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಮುಟ್ಟೂದ್ರಾಗ, ಸೆಪ್ಟೆಂಬರಿನಲ್ಲಿ, ದೇಸಾಯರ ಜೀವ ಹೋಗಿತ್ತು. ಮೊದಲೇ ಒಪ್ಪಿಗೆ ಕೇಳಿಲ್ಲ, ಕಾಗದ ಖರೇನೋ ಸುಳ್ಳೋ ಅಂತ ಥ್ಯಾಕರೆ ತಕರಾರು ತೆಗೆದ. ಖಜಾನೆಗೆ ಸೀಲು ಹಾಕಿಸಿದ.

ಮುಂದಿನ ಅವಸರ ಥ್ಯಾಕರೆದು. ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆಗೀಲಿಲ್ಲ ಅಂತ ತೋಪು ತರಿಸಿದ. ದೊಡ್ಡ ದಂಡು ಬರೋತನಕ ಕಾಯಲಿಲ್ಲ. ಒಳಗಿನಿಂದ ಕಿತ್ತೂರಿನವರು ನುಗ್ಗಿ ಬಂದರು. ಥ್ಯಾಕರೆ ಅಲ್ಲೇ ಸತ್ತ. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂತು, ಕೋಟೆ ಬಿತ್ತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು. ಶಿವಲಿಂಗಪ್ಪನನ್ನ ಗಾದಿಗೆ ಕೂಡಿಸಬೇಕಂತ ಬಡಿದಾಡಿದ ಸಂಗೊಳ್ಳಿ ರಾಯಣ್ಣನಿಗೆ 1831ರಲ್ಲಿ ನಂದಗಡದೊಳಗ ಗಲ್ಲು. ಕಿತ್ತೂರಿನ ಗಾದಿ ಮತ್ತ ಆ ಮನೆತನಕ್ಕ ಸಿಗಲೇ ಇಲ್ಲ.

ಮೊದಲೇ ದತ್ತಕ ಆಗಿದ್ರ ಕಂಪನಿ ಒಪ್ಪತಿತ್ತು ಅಂತ ನಾ ಹೇಳಂಗಿಲ್ಲ. ಮುಂದ ನರಗುಂದದ ಬಾಬಾಸಾಹೇಬ ದತ್ತಕಕ್ಕ ಒಪ್ಪಿಗೆ ಕೇಳಿದರೂ ಕಂಪನಿ ಕೊಡಲಿಲ್ಲ. ಕಸಗೊಳ್ಳೋರಿಗೆ ಏನೋ ಒಂದು ನೆಪ ಸಿಗ್ತದ. ಆದರೆ ಎಂಟು ವರ್ಷ ಬಿಟ್ಟು, ಕೊನೀಗೆ ಅವಸರದಾಗ ಮಾಡಿದ ಕಾಗದ ಆ ನೆಪವನ್ನ ತಾಟಿಗೆ ಬಡಿಸಿ ಕೊಟ್ಟಂಗಾತು.

ನಮ್ಮ ನಾಗನೂರ, ಮೂಡಲಗಿ ಕಡೆ ಹೊಲದ ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಿಲೇ ಇರೋ ಮನಿ ಅದಾವ. ವಾಟ್ನಿ ಮಾತು ತೆಗೆದರ "ಈಗ್ಯಾಕ ಅಪಶಕುನ" ಅಂತಾರ. ಆಮ್ಯಾಲೆ ದವಾಖಾನಿ ಹಾಸಿಗ್ಯಾಗ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಅಣ್ಣತಮ್ಮರನ್ನ ಕೋರ್ಟಿಗೆ ಒಯ್ತದ. ಸಾವು ಹೇಳಿ ಬರೋದಿಲ್ಲ ರೀ. ಹಿರಿಯರು ಗಟ್ಟಿ ಇದ್ದಾಗ, ಎಲ್ಲರೂ ಒಂದೇ ಪಂಕ್ತಿಯೊಳಗ ಉಣ್ಣೋವಾಗ ಆ ಮಾತು ಆಡಿಬಿಡ್ರಿ. ಮನಿ ಮಾತು ಮನಿಯವರು ಮುಗಿಸಲಿಲ್ಲಂದ್ರ ಹೊರಗಿನವರು ಮುಗಿಸ್ತಾರ.